ಮಹಡಿ ಮೇಲಿನ ಪೆನ್ಷನ್ ಸೆಂಟರ್: ಮನೆಯ ಮೂರು ಜನರ ಕೆಲಸ ಮಾಡಿಸಿದ ಆಟೋದವನ ರಿವ್ಯೂ

ರೇಟಿಂಗ್ ಮೊದ್ಲೇ ಹೇಳಿಬಿಡ್ತೇನೆ, 5ರಲ್ಲಿ 4. ಕಟ್ ಮಾಡಿದ ಆ ಒಂದು ಸ್ಟಾರ್ ಮೆಟ್ಲಿಗೆ. ಹದಿನೆಂಟು ಮೆಟ್ಲು ಉಂಟು ಮಾರಾಯ್ರೆ, ನಾನು ಲೆಕ್ಕ ಹಾಕಿದ್ದೇನೆ, ಅತ್ತೆಯನ್ನು ಕೈ ಹಿಡಿದು ಹತ್ತಿಸುವಾಗ ಲೆಕ್ಕ ಹಾಕದೆ ಬೇರೆ ಎಂತ ಮಾಡ್ಲಿಕ್ಕೆ. ಕೆಳಗೆ ಮೊಬೈಲ್ ರಿಪೇರಿ ಮತ್ತೆ ಚಪ್ಪಲಿ ಅಂಗಡಿ, ಮೇಲೆ ಪೆನ್ಷನ್ ಸೆಂಟರ್, ಅಂದ್ರೆ ಅಕ್ಷಯ ಕೇಂದ್ರ. ಕಾಲು ಗಟ್ಟಿ ಇರುವ ಹುಡುಗರು ಫೋನಿಗೆ ಗ್ಲಾಸ್ ಹಾಕಿಸುದು ನೆಲದ ಮೇಲೆ, ಮೊಣಕಾಲು ಬಾರದ ಅಜ್ಜಿಯರು ಬೆರಳೊತ್ತುದು ಮಹಡಿಯಲ್ಲಿ. ಮಳೆಗಾಲದಲ್ಲಿ ಮೆಟ್ಲಿನ ಮೇಲೆ ಗೋಣಿ ಹಾಸ್ತಾರೆ ಪಾಪ, ಆದ್ರೂ ಜಾರ್ತದೆ.

ಯಾವ ಪೇಟೆ, ಯಾವ ಸೆಂಟರ್ ಅಂತ ಬರೆಯುದಿಲ್ಲ, ಕಾಸರಗೋಡು ಜಿಲ್ಲೆಯ ಗಡಿ ಬದಿಯ ಒಂದು ಸಣ್ಣ ಪೇಟೆ ಅಂತ ಇಟ್ಕೊಳ್ಳಿ. ನಾನು ಅಲ್ಲೇ ಆಟೋ ಓಡಿಸುವವ, ಮಸ್ಟರಿಂಗ್, ಅಂದ್ರೆ ಪೆನ್ಷನಿನವ್ರು ಬದುಕಿದ್ದೇವೆ ಅಂತ ಬೆರಳೊತ್ತಿ ತೋರಿಸುವ ಸೀಸನ್ ಬಂತು ಅಂದ್ರೆ ನನಗೆ ದಿನಕ್ಕೆ ನಾಲ್ಕೈದು ಬಾಡಿಗೆ ಜಾಸ್ತಿ, ಅದನ್ನೂ ಮೊದ್ಲೇ ಒಪ್ಕೊಳ್ತೇನೆ, ನಾಳೆ ಯಾರಾದ್ರೂ ಬಂದು ನಿಂಗೆ ಲಾಭ ಉಂಟಲ್ಲ ಅದಕ್ಕೆ ಹೊಗಳುದು ಅಂತ ಹೇಳುದು ಬೇಡ. ಬಾಡಿಗೆ ಬಿಟ್ಟು ನನ್ನ ಮನೆಯವ್ರದ್ದೇ ಮೂರು ಕೆಲಸ ಅಲ್ಲಿ ಆದದ್ದು. ಅಮ್ಮನ ವಿಧವಾ ಪೆನ್ಷನ್, ಅತ್ತೆಯ, ಅಂದ್ರೆ ಅಪ್ಪನ ತಂಗಿಯ, ಮದುವೆಯಾಗದವರ ಪೆನ್ಷನ್, ಚಿಕ್ಕಮ್ಮನ ಮಗನ ಅಂಗವಿಕಲ ಪೆನ್ಷನ್. ಹಾಗಾಗಿ ಬರಿತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ನಮ್ಮ ಕಡೆ ಗವರ್ಮೆಂಟ್ ಪೆನ್ಷನ್ ಅಂದ್ರೆ ಎರಡು ಜಾತಿ. ಒಂದು ಮಾಷ್ಟ್ರ ಪೆನ್ಷನ್, ಅಂದ್ರೆ ಶಾಲೆ ಮಾಷ್ಟ್ರು, ಪೋಲೀಸು, ಆಫೀಸ್ ಕ್ಲರ್ಕು ಇವ್ರಿಗೆ ಟ್ರೆಜರಿಯಿಂದ ಬರುವಂಥದ್ದು, ಅದರಲ್ಲೂ 2013 ಏಪ್ರಿಲ್ 1ರ ನಂತ್ರ ಕೆಲಸಕ್ಕೆ ಸೇರಿದವ್ರದ್ದು ಸಂಬಳದಿಂದ ಕಟ್ ಆಗುವ ಬೇರೆ ಲೆಕ್ಕ. ಇನ್ನೊಂದು ಕ್ಷೇಮ ಪೆನ್ಷನ್, ಪಂಚಾಯತಿಗೆ ಅರ್ಜಿ ಹಾಕಿ ತೆಕೊಳ್ಳುದು. ನಮ್ಮ ಬೈಲಿನಲ್ಲಿ ಒಬ್ರು ಮಾಷ್ಟ್ರ ಹೆಂಡತಿ ಇದ್ದಾರೆ, ಮಾಷ್ಟ್ರು ಹೋದ ಮೇಲೆ ಅವ್ರಿಗೆ ಫ್ಯಾಮಿಲಿ ಪೆನ್ಷನ್ ಬರ್ತದೆ, ಒಳ್ಳೆದೇ, ಅವರ ಗಂಡ ಸೇವೆ ಮಾಡಿದ್ದಾರೆ. ಆದ್ರೆ ಅವ್ರಲ್ಲಿ ಮನೆ ಎಷ್ಟು ಚದರಡಿ, ಏಸಿ ಉಂಟಾ, ಕಾರು ಎಷ್ಟು ಸಿಸಿ ಅಂತ ಯಾರೂ ಕೇಳುದಿಲ್ಲ. ನಮ್ಮ ಅಮ್ಮನಲ್ಲಿ ಕೇಳ್ತಾರೆ. ಅಪ್ಪ ನಲ್ವತ್ತು ವರ್ಷ ಬೇರೆಯವ್ರ ತೋಟದಲ್ಲಿ ಅಡಿಕೆ ಕೊಯ್ದದ್ದು, ಅದಕ್ಕೆ ಸರ್ವೀಸ್ ಬುಕ್ ಇಲ್ಲ ಅಲ್ವಾ.

ಕ್ಷೇಮ ಪೆನ್ಷನಲ್ಲಿ ಐದು ನಮೂನೆ. ಕೃಷಿ ಕಾರ್ಮಿಕರದ್ದು, ಅದೇ ಎಲ್ಲಕ್ಕಿಂತ ಹಳೆದು, 1980ರಲ್ಲಿ ಕೇರಳದ ನಾಯನಾರ್ ಸರ್ಕಾರ ತಿಂಗಳಿಗೆ 45 ರೂಪಾಯಿ ಅಂತ ಶುರು ಮಾಡಿದ್ದು. ಮತ್ತೆ 60 ದಾಟಿದವ್ರ ವೃದ್ಧಾಪ್ಯದ್ದು, ವಿಧವೆಯರದ್ದು, ಅಂಗವಿಕಲರದ್ದು, 50 ದಾಟಿದ ಮದುವೆಯಾಗದ ಹೆಂಗಸರದ್ದು. ಗಂಡ ಕಾಣೆಯಾಗಿ ಏಳು ವರ್ಷ ಆದವ್ರೂ ವಿಧವೆಯರ ಲೆಕ್ಕದಲ್ಲೇ ಬರ್ತಾರೆ. ಎಲ್ಲಕ್ಕೂ ಈಗ ತಿಂಗಳಿಗೆ 2000. 2021ರಿಂದ 1600 ಇತ್ತು, 2025ರ ನವೆಂಬರಿಂದ 2000 ಆದದ್ದು. ಕುಟುಂಬದ ವರ್ಷದ ಆದಾಯ ಒಂದು ಲಕ್ಷದ ಒಳಗೆ ಇರ್ಬೇಕು, ಎರಡು ಎಕರೆಗಿಂತ ಜಾಸ್ತಿ ಜಾಗ ಇದ್ರೆ ಇಲ್ಲ, ಮನೆ 2000 ಚದರಡಿ ದಾಟಿದ್ರೆ ಇಲ್ಲ, ಸಾವಿರ ಸಿಸಿ ಮೇಲಿನ ನಾಲ್ಕು ಚಕ್ರದ ಗಾಡಿ ಇದ್ರೆ ಇಲ್ಲ. ನನ್ನದು ಮೂರೇ ಚಕ್ರ, ಬಚಾವ್.

ನಮ್ಮ ದೊಡ್ಡಮ್ಮ ವಿಟ್ಲದಲ್ಲಿ ಇರುದು, ಅವ್ರಿಗೆ ಕರ್ನಾಟಕದ ಸಂಧ್ಯಾ ಸುರಕ್ಷಾ. ಅಲ್ಲಿ 65 ಆಗ್ಬೇಕು, 2021ರಲ್ಲಿ 1200 ಮಾಡಿದ್ರು. ವಿಧವಾ ವೇತನ 800. ಹಬ್ಬಕ್ಕೆ ಬಂದಾಗ ಅಮ್ಮನೂ ದೊಡ್ಡಮ್ಮನೂ ಪಾಸ್ ಬುಕ್ ಹೋಲಿಸಿ ನೋಡುದು ಒಂದು ದೊಡ್ಡ ಕಾರ್ಯಕ್ರಮ. ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಅಜ್ಜನ ಕಾಲದಿಂದ ಕೇಳಿ ಬೆಳೆದ ಮನೆ ನಮ್ಮದು, ಪಾಸ್ ಬುಕ್ ತೆಗೆದ ದಿನ ಮಾತ್ರ ಯಾರೂ ಆ ಸುದ್ದಿ ಎತ್ತುದಿಲ್ಲ.

ಸರಿ, ಸೆಂಟರಿಗೆ ಬರುವಾ. ಅಕ್ಷಯ ಕೇಂದ್ರ ಅಂದ್ರೆ ಗೊತ್ತಿಲ್ಲದವ್ರಿಗೆ ಹೇಳುದಾದ್ರೆ, 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಜನರಿಗೆ ಕಂಪ್ಯೂಟರ್ ಕಲಿಸ್ಲಿಕ್ಕೆ ಅಂತ ಶುರುವಾದದ್ದು, ಈಗ ಕೇರಳದಲ್ಲಿ ಎಲ್ಲ ಸರ್ಕಾರಿ ಅರ್ಜಿಗೂ ಅದೇ ದಾರಿ. ಸರ್ಕಾರದ್ದು ಅಂತ ಬೋರ್ಡ್ ಇದ್ರೂ ನಡೆಸುದು ಖಾಸಗಿಯವ್ರು, ರೇಟು ಮಾತ್ರ ಸರ್ಕಾರ ಫಿಕ್ಸ್ ಮಾಡುದು. ಇಲ್ಲಿ ಒಂದು ಕೌಂಟರಲ್ಲಿ ಓನರ್, ಇನ್ನೊಂದರಲ್ಲಿ ಒಬ್ಳು ಹುಡುಗಿ. ಈ ರಿವ್ಯೂ ನಿಜವಾಗಿ ಆ ಹುಡುಗಿಗೇ. ಮನೆ ಮಾತು ತುಳು ಇರ್ಬೇಕು, ಕನ್ನಡ ಮಲಯಾಳ ಎರಡೂ ನೀರು ಕುಡಿದ ಹಾಗೆ ಮಾತಾಡ್ತಾಳೆ, ಓದಿದ್ದು ಕನ್ನಡ ಮೀಡಿಯಂ ಅಂತ ಅಮ್ಮ ಮೊದಲ ದಿನವೇ ಕೇಳಿ ತಿಳ್ಕೊಂಡಾಗಿತ್ತು. ಯಾಕೆ ಇದನ್ನು ಹೇಳಿದೆ ಅಂದ್ರೆ ವೆಬ್‌ಸೈಟಲ್ಲಿ ಕಾಣುದು ಮಲಯಾಳ ಇಲ್ಲ ಇಂಗ್ಲಿಷ್, ಕೈಗೆ ಸಿಗುವ ರಶೀದಿಯೂ ಹಾಗೇ. ನಮ್ಮಂಥ ಭಾಷಾ ಅಲ್ಪಸಂಖ್ಯಾತರು ಸರ್ಕಾರದ ಜತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡ್ಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ಕಾಯ್ದೆ ಉಂಟು, ಕೌಂಟರಿಗೆ ಬರುವಾಗ ಅದು ಆ ಹುಡುಗಿಯ ಬಾಯಲ್ಲಿ ಮಾತ್ರ ಉಂಟು. ಅವಳು ರಜೆ ಹಾಕಿದ ದಿನ ಹೋದ್ರೆ ನಿಮ್ಮ ಕನ್ನಡ ನಿಮ್ಮ ಹತ್ರವೇ ಇರ್ತದೆ.

ಮೊದ್ಲು ಅಮ್ಮನ ಕಥೆ. ಅಪ್ಪ ಹೋದಾಗ ಅಮ್ಮನಿಗೆ 51, ಪೆನ್ಷನ್ ಶುರುವಾದಾಗ 1000 ಇದ್ದದ್ದು. ವಿಧವಾ ಪೆನ್ಷನಲ್ಲಿ ಒಂದು ವಿಶೇಷ ಏನಂದ್ರೆ 60 ಆಗುವವರೆಗೆ ಪ್ರತಿ ವರ್ಷ ನಾನು ಮರುಮದುವೆ ಆಗಿಲ್ಲ ಅಂತ ಸರ್ಟಿಫಿಕೇಟ್ ತಂದು ಕೊಡ್ಬೇಕು. ಮಸ್ಟರಿಂಗ್ ಬೇರೆ, ಇದು ಬೇರೆ. ಮಸ್ಟರಿಂಗಲ್ಲಿ ಬದುಕಿದ್ದೇನೆ ಅಂತ ತೋರಿಸುದು, ಇದರಲ್ಲಿ ಒಬ್ಳೇ ಬದುಕಿದ್ದೇನೆ ಅಂತ ತೋರಿಸುದು. ಮೊದಲ ಸಲ ಈ ಕಾಗದಕ್ಕೆ ಹೋದದ್ದು ಬೇರೆ ಒಂದು ಕಡೆ, ಆ ಜಾಗದ ಹೆಸರು ಬೇಡ, ಅಲ್ಲಿ ಒಬ್ಬ ಜನ ತುಂಬಿದ ಕಡೆ ಜೋರಾಗಿ, ಎಂತ ಅಮ್ಮ ಮದುವೆ ಗಿದುವೆ ಆಗಿದ್ದೀರಾ ಅಂತ ನಗಾಡಿ ಕೇಳಿದ. ಅಮ್ಮ ಸುಮ್ನೆ ನಿಲ್ಲುವ ಜನ ಅಲ್ಲ, ಅಡಿಕೆ ಸುಲಿಲಿಕ್ಕೇ ಒಂದು ಜನ ಸಿಗುದಿಲ್ಲ ಮಗಾ, ಇನ್ನು ಗಂಡ ಎಲ್ಲಿ ಸಿಗ್ತಾನೆ, ನಿನ್ನ ಗುರ್ತದಲ್ಲಿ ಇದ್ರೆ ಹೇಳು ಅಂತ ಹೇಳಿದ್ರು. ಎಲ್ಲರೂ ನಗಾಡಿದ್ರು. ಆಟೋದಲ್ಲಿ ವಾಪಸ್ ಬರುವಾಗ ಮಾತ್ರ ಅಮ್ಮ ಒಂದೂ ಮಾತಾಡ್ಲಿಲ್ಲ, ಹಿಂದೆ ಕೂತು ಸೆರಗಲ್ಲಿ ಮೂಗು ಒರೆಸುದು ಕನ್ನಡಿಯಲ್ಲಿ ಕಾಣ್ತಿತ್ತು ನನಗೆ.

ಅದರ ಮುಂದಿನ ವರ್ಷದಿಂದ ಈ ಮಹಡಿ ಸೆಂಟರ್. ಇಲ್ಲಿ ಆ ಹುಡುಗಿ ಕೇಳುದೇ ಇಲ್ಲ. ಅಮ್ಮನ ಪ್ರಾಯ ನೋಡ್ತಾಳೆ, ಹೋದ ವರ್ಷದ ಕಾಪಿ ತೆಗಿತಾಳೆ, ಈ ವರ್ಷದ್ದು ಬೇಕು ಅಮ್ಮಾ ವಿಲ್ಲೇಜ್ ಆಫೀಸಿಂದು, ಅರ್ಜಿ ನಾನೇ ಹಾಕ್ತೇನೆ ಅಂತಾಳೆ, ಅಷ್ಟೇ. ನೀವು ಒಂದು ಸಾಬೂನಿಗೆ ರಿವ್ಯೂ ಬರೆಯುವಾಗ ಪರಿಮಳ ಬರೆಯುದಿಲ್ವಾ, ಇಲ್ಲಿ ನಾನು ಬರೆಯುದು ಇದನ್ನು.

ಇನ್ನೊಂದು ಅವಾಂತರ ಕೇಳಿ. ಅಮ್ಮನಿಗೆ ಎಷ್ಟೋ ತಿಂಗಳು 1600ರ ಬದ್ಲು 1300 ಮಾತ್ರ ಬರ್ತಾ ಇತ್ತು. ಬ್ಯಾಂಕಲ್ಲಿ ಕೇಳಿದ್ರೆ ಬಂದದ್ದು ಇಷ್ಟೇ, ಪಂಚಾಯತಲ್ಲಿ ಕೇಳಿದ್ರೆ ಕಳಿಸಿದ್ದು ಸರಿ ಉಂಟು. ಅಮ್ಮನಿಗೆ ಸಂಶಯ ನನ್ನ ಮೇಲೆ, ಎಟಿಎಂ ಕಾರ್ಡ್ ನನ್ನ ಹತ್ರ ಇದ್ದದ್ದು ನೋಡಿ. ಆ ಹುಡುಗಿ ಐದು ನಿಮಿಷದಲ್ಲಿ ಬಿಡಿಸಿ ಹೇಳಿದ್ಳು. ವಿಧವಾ ಪೆನ್ಷನಲ್ಲಿ 40ರಿಂದ 79ರವರೆಗಿನ ಬಡ ವಿಧವೆಯರಿಗೆ 300 ರೂಪಾಯಿ ಕೇಂದ್ರದ ಪಾಲು, ಅದು ರಾಜ್ಯದ ದುಡ್ಡಿನ ಜತೆ ಬರುದಿಲ್ಲ, ಬೇರೆಯೇ ಬರುದು, ಆಧಾರಿಗೆ ಕೊನೆಗೆ ಯಾವ ಖಾತೆ ಜೋಡಿಸಿದ್ದೀರೋ ಅಲ್ಲಿಗೆ ಹೋಗಿ ಬೀಳುದು. ಕೊನೆಗೆ ಜೋಡಿಸಿದ ಖಾತೆ ಯಾವ್ದು ಅಂತ ನೋಡಿದ್ರೆ ಎರಡು ವರ್ಷದ ಹಿಂದೆ ಪೇಟೆಯಲ್ಲಿ ಕೊಡೆ ಹಾಕಿ ಕೂತು ಸಿಮ್ ಮಾರುವವ್ರ ಹತ್ರ ಅಮ್ಮ ಒಂದು ಸಿಮ್ ತೆಕೊಂಡಾಗ ಅವ ಬೆರಳು ಎರಡು ಸಲ ಒತ್ತಿಸಿದ್ದ, ಒಂದು ಸಿಮ್ಮಿಗೆ, ಇನ್ನೊಂದು ಅಮ್ಮನಿಗೆ ಗೊತ್ತೇ ಇಲ್ಲದ ಖಾತೆಗೆ. ಆ ಖಾತೆಯಲ್ಲಿ ತಿಂಗಳು ತಿಂಗಳು 300 ಬಂದು ಚಂದ ಕೂತಿತ್ತು. ತೆಗೆದು ನೋಡಿದ್ರೆ ನಾಲ್ಕು ಸಾವಿರ ಚಿಲ್ಲರೆ. ಅಮ್ಮ ನನ್ನಲ್ಲಿ ಸಾರಿ ಹೇಳ್ಲಿಲ್ಲ, ಅದರ ಬದ್ಲು ರಾತ್ರಿ ಪತ್ರೊಡೆ ಮಾಡಿದ್ರು.

ನಿಮ್ಮ ಮನೆಯಲ್ಲೂ 200ವೋ 300ವೋ ಕಮ್ಮಿ ಬರ್ತಾ ಇದ್ರೆ ಇದನ್ನೇ ಮೊದ್ಲು ನೋಡಿ. ವೃದ್ಧಾಪ್ಯ ಪೆನ್ಷನಲ್ಲಿ ಕೇಂದ್ರದ ಪಾಲು 200, 80 ದಾಟಿದ್ರೆ 500. ಕೇಂದ್ರದ ಈ ಯೋಜನೆ 1995ರ ಆಗಸ್ಟ್ 15ಕ್ಕೆ ಶುರುವಾದದ್ದು. 200 ರೂಪಾಯಿ ನಮ್ಮ ಪೇಟೆಯ ಹೋಟೆಲಲ್ಲಿ ನಾಲ್ಕು ಜನರ ಗೋಳಿಬಜೆ ಚಾಯಕ್ಕೆ ಸರಿ ಹೋಗ್ತದೆ. ಇಡೀ ತಿಂಗಳಿಗೆ. ಇರ್ಲಿ.

ಈಗ ಅತ್ತೆಯ ವಿಷ್ಯ. ಅಪ್ಪನ ತಂಗಿ, 57 ಪ್ರಾಯ, ಮದುವೆ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅಂತ ಕೇಳಿದ್ರೆ ಅದೊಂದು ಬೇರೆ ಕಥೆ, ಜಾತಕ, ದುಡ್ಡು, ಅಜ್ಜಿಯ ಕಾಯಿಲೆ, ಎಲ್ಲ ಸೇರಿ ಮೂವತ್ತೈದು ದಾಟಿತು, ಮತ್ತೆ ಯಾರೂ ಕೇಳ್ಲೂ ಇಲ್ಲ. ಗೇರುಬೀಜ ಫ್ಯಾಕ್ಟರಿಗೆ ಹೋಗ್ತಾ ಇದ್ದರು, ಈಗ ಮೈಯಲ್ಲಿ ಕೂಡುದಿಲ್ಲ, ಅಜ್ಜನ ಕಾಲದ ಹಂಚಿನ ಮನೆಯಲ್ಲಿ ಒಬ್ರೇ. ಅಮ್ಮನನ್ನು ಮಸ್ಟರಿಂಗಿಗೆ ಕರ್ಕೊಂಡು ಹೋದ ದಿನ ಅತ್ತೆಯೂ ಆಟೋದಲ್ಲಿ ಬಂದಿದ್ರು, ಸುಮ್ನೆ, ಪೇಟೆಯಲ್ಲಿ ಬಳೆ ತೆಕೊಳ್ಳುವಾ ಅಂತ. ಮೇಲೆ ಬೆಂಚಲ್ಲಿ ಕೂತಿದ್ದಾಗ ಆ ಹುಡುಗಿ ಕೇಳಿದ್ದು, ಇವ್ರದ್ದು ಯಾವ ಪೆನ್ಷನ್ ಅಂತ. ಇವ್ರಿಗೆ ಇಲ್ಲ, 60 ಆಗ್ಲಿಲ್ಲ ಅಂತ ನಾನು. ಅವಳು ಅತ್ತೆಯ ಕುತ್ತಿಗೆ ನೋಡಿದ್ಳು, ಕರಿಮಣಿ ಇಲ್ಲ. ಬಾಯಿ ಬಿಟ್ಟು ಏನೂ ಕೇಳ್ಲಿಲ್ಲ. ಒಂದು ಫಾರ್ಮ್ ತೆಗೆದು ನನ್ನ ಕೈಯಲ್ಲಿ ಕೊಟ್ಟು ಮೇಲಿನ ಒಂದು ಸಾಲಿಗೆ ಪೆನ್ನಲ್ಲಿ ಗೆರೆ ಎಳೆದು ತೋರಿಸಿದ್ಳು. 50 ದಾಟಿದ ಅವಿವಾಹಿತ ಮಹಿಳೆಯರು.

ಏಳು ವರ್ಷ ಮಾರಾಯ್ರೆ. 50ಕ್ಕೇ ಸಿಗ್ತಿತ್ತು. ವಾರ್ಡ್ ಮೆಂಬರ್ ವೋಟಿಗೆ ಬರುವಾಗ ಅತ್ತೆಯ ಜಗಲಿಯಲ್ಲೇ ಕೂತು ಮಜ್ಜಿಗೆ ಕುಡಿದದ್ದು, ಒಂದು ಮಾತು ಹೇಳ್ಲಿಲ್ಲ. ನಾನೂ ಅಷ್ಟೇ, ದಿನಾ ಪೆನ್ಷನಿನ ಜನರನ್ನು ಕರ್ಕೊಂಡು ತಿರುಗುವವ, ನನ್ನ ಅತ್ತೆಗೆ ಇಂಥದ್ದೊಂದು ಉಂಟು ಅಂತ ಗೊತ್ತಿಲ್ಲ. ಲೆಕ್ಕ ಹಾಕ್ಬೇಡಿ, ನಾನು ಹಾಕಿ ನೋಡಿದ್ದೇನೆ, ಲಕ್ಷದ ಮೇಲೆ ಹೋಗ್ತದೆ. ಹಿಂದಿನದ್ದು ಸಿಗುದಿಲ್ಲ, ಅರ್ಜಿ ಹಾಕಿದ ಮೇಲಿನದ್ದು ಮಾತ್ರ. ಹಾಗೆ ನೋಡಿದ್ರೆ 2024ರ ನವೆಂಬರಲ್ಲಿ ಕೇರಳದ ಫೈನಾನ್ಸ್ ಡಿಪಾರ್ಟ್‌ಮೆಂಟೇ ಹೇಳಿತ್ತು, 1458 ಜನ ಸರ್ಕಾರಿ ನೌಕರರು ಈ ಬಡವರ ಪೆನ್ಷನ್ ತೆಕೊಳ್ತಾ ಇದ್ದಾರೆ ಅಂತ. ಸಂಬಳದ ಜತೆಗೆ. ಅವ್ರಿಗೆಲ್ಲ ಯಾರು ಹೇಳಿಕೊಟ್ಟದ್ದೋ.

ಅತ್ತೆಗೆ ಈ ಅರ್ಜಿ ಹಾಕುದು ಇಷ್ಟ ಇರ್ಲಿಲ್ಲ. ದುಡ್ಡು ಬೇಡ ಅಂತ ಅಲ್ಲ. ಮದುವೆ ಆಗಿಲ್ಲ ಅಂತ ವಿಲ್ಲೇಜ್ ಆಫೀಸಲ್ಲಿ ಸರ್ಟಿಫಿಕೇಟ್ ಮಾಡಿಸ್ಬೇಕಲ್ಲ, ಅದಕ್ಕೆ. ಇಷ್ಟು ವರ್ಷ ಮುಚ್ಚಿಟ್ಕೊಂಡದ್ದಕ್ಕೆ ಈಗ ಸೀಲ್ ಹಾಕಿಸುದಾ ಅಂತ ಕೇಳಿದ್ರು. ನನಗೆ ಉತ್ತರ ಬರ್ಲಿಲ್ಲ. ನಾಲ್ಕು ದಿನ ಬಿಟ್ಟು ಅವರಾಗಿಯೇ ಫೋನ್ ಮಾಡಿ ನಾಳೆ ಆಟೋ ತಾ ಅಂದ್ರು. ಆ ದಿನ ಸೆಂಟರಲ್ಲಿ ಜನ ತುಂಬಾ ಇತ್ತು, ನಮ್ಮದೇ ಬೈಲಿನ ಮೂರು ಜನ ಬೆಂಚಲ್ಲಿದ್ರು. ಆ ಹುಡುಗಿ ಅತ್ತೆಯನ್ನು ನೋಡಿದವ್ಳೇ, ಅಕ್ಕಾ ನಿಮ್ಮ ರೇಷನ್ ಕಾರ್ಡಿನ ಕೆಲಸ ಅಲ್ವಾ ಒಳಗೆ ಬನ್ನಿ ಅಂತ ಕರೆದು ಒಳಗಿನ ಸಣ್ಣ ರೂಮಲ್ಲಿ ಕೂರಿಸಿ ಎಲ್ಲ ತುಂಬಿಸಿದ್ಳು. ರೇಷನ್ ಕಾರ್ಡಿನ ಕೆಲಸ! ನನಗೆ ಆಗ ಅರ್ಥ ಆಗ್ಲಿಲ್ಲ, ಎಂತದು ರೇಷನ್ ಕಾರ್ಡ್ ಅಂತ ಜೋರಾಗಿ ಕೇಳ್ಲಿಕ್ಕೆ ಹೊರಟಿದ್ದೆ, ಅತ್ತೆ ಕಣ್ಣು ದೊಡ್ಡ ಮಾಡಿದ್ರು.

ಡಾಕ್ಯುಮೆಂಟ್ ಎಂತೆಲ್ಲ ಬೇಕು ಅಂತ ಕೇಳುವವ್ರಿಗೆ: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್ ಬುಕ್, ಪ್ರಾಯದ ದಾಖಲೆ, ವಿಲ್ಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್, ವಿಧವೆ ಆದ್ರೆ ಗಂಡನ ಮರಣ ಪತ್ರ. ಎಲ್ಲದರಲ್ಲೂ ಹೆಸರು ಒಂದೇ ತರ ಇರ್ಬೇಕು, ಇದು ನಮ್ಮ ಕಡೆಯ ದೊಡ್ಡ ತಲೆನೋವು. ಕನ್ನಡದ ಹೆಸರನ್ನು ಒಬ್ಬ ಮಲಯಾಳದವ ಇಂಗ್ಲಿಷಲ್ಲಿ ಬರೆದಾಗ ಒಂದು ತರ, ಕನ್ನಡ ಮಾಷ್ಟ್ರು ಬರೆದಾಗ ಇನ್ನೊಂದು ತರ. ಅತ್ತೆಯ ಹೆಸರಲ್ಲಿ ಒಂದು ಎಚ್ ಆಧಾರಲ್ಲಿ ಉಂಟು, ರೇಷನ್ ಕಾರ್ಡಲ್ಲಿ ಇಲ್ಲ. ಆ ಒಂದು ಎಚ್ಚಿಗೆ ಮೂರು ವಾರ ಹೋಯ್ತು.

ಚಿಕ್ಕಮ್ಮನ ಮಗನದ್ದು ಸ್ವಲ್ಪ ಚಿಕ್ಕದಾಗಿ ಹೇಳ್ತೇನೆ, ಬರಿಲಿಕ್ಕೆ ಮನಸ್ಸು ಬರುದಿಲ್ಲ. 24 ಪ್ರಾಯ, ಬುದ್ಧಿ ಏಳೆಂಟು ವರ್ಷದ ಮಕ್ಕಳಷ್ಟೇ, ಫಿಟ್ಸ್ ಬರ್ತದೆ. ಮೆಡಿಕಲ್ ಬೋರ್ಡಲ್ಲಿ 60 ಪರ್ಸೆಂಟ್ ಬರೆದ್ರು. ರಾಜ್ಯದ ಪೆನ್ಷನಿಗೆ 40 ಪರ್ಸೆಂಟ್ ಸಾಕು, ಹಾಗಾಗಿ ಸಿಕ್ಕಿತು. ಕೇಂದ್ರದ 300ಕ್ಕೆ 80 ಬೇಕು, ಹಾಗಾಗಿ ಅವನದ್ದು ಪೂರ್ತಿ ರಾಜ್ಯದ್ದೇ, ಒಟ್ಟಿಗೇ ಬೀಳ್ತದೆ, ಅಮ್ಮನದ್ದರ ಹಾಗೆ ಎರಡು ತುಂಡಾಗಿ ಅಲ್ಲ. ಅವ್ರ ಮನೆ ಗೇರು ತೋಟದ ಬದಿ. ಎಣ್ಮಕಜೆ, ಪಡ್ರೆ ಅಂದ ಕೂಡ್ಲೇ ಎಲ್ಲರೂ ಕೇಳುದು ಎಂಡೋಸಲ್ಫಾನ್ ಸಂತ್ರಸ್ತರ ಲಿಸ್ಟಲ್ಲಿ ಇದ್ದಾನಾ ಅಂತ. ಗೇರು ತೋಟಕ್ಕೆ ಆ ಕೀಟನಾಶಕವನ್ನು 2000ದವರೆಗೆ ಹೆಲಿಕಾಪ್ಟರಲ್ಲಿ ಮೇಲಿಂದ ಬಿಟ್ಟದ್ದು, ಕೆಳಗೆ ಬಾವಿ ತೋಡು ಯಾವುದಕ್ಕೂ ಮುಚ್ಚಳ ಇಲ್ಲ. ಲಿಸ್ಟಲ್ಲಿ ಇದ್ದವ್ರಿಗೆ ತಿಂಗಳ ಸಹಾಯ ಬೇರೆ ಉಂಟು, 5 ಲಕ್ಷ ಪರಿಹಾರ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಲಿಸ್ಟಿನವ್ರಿಗೆ. ಇವ ಲಿಸ್ಟಲ್ಲಿ ಇಲ್ಲ. ಲಿಸ್ಟಿಗೆ ಸೇರಿಸುವ ಮೆಡಿಕಲ್ ಕ್ಯಾಂಪಿಗೆ ಹೋದ ದಿನ ಅವನಿಗೆ ಫಿಟ್ಸ್ ಬರ್ಲಿಲ್ಲ, ನಗಾಡ್ತಾ ಕೂತಿದ್ದ, ಅಷ್ಟೇ.

ಅವನನ್ನು ಮಾತ್ರ ಹದಿನೆಂಟು ಮೆಟ್ಲು ಹತ್ತಿಸ್ಲಿಕ್ಕೆ ಆಗುದಿಲ್ಲ, ಎತ್ತರ ಕಂಡ್ರೆ ಹೆದರಿ ಕೂತುಬಿಡ್ತಾನೆ. ಆ ಹುಡುಗಿಯೇ ಮೆಷಿನ್ ಹಿಡ್ಕೊಂಡು ಕೆಳಗೆ ಬರ್ತಾಳೆ, ಆಟೋದಲ್ಲೇ ಬೆರಳು ಒತ್ತಿಸ್ತಾಳೆ. ಮಸ್ಟರಿಂಗಿಗೆ ಸೆಂಟರಲ್ಲಿ 30 ರೂಪಾಯಿ, ಮನೆಗೆ ಬಂದು ಮಾಡಿದ್ರೆ 50 ಅಂತ ರೇಟು. ಆಟೋ ಮನೆಯಾ ಸೆಂಟರಾ ಅಂತ ನಾನು ತಮಾಷೆಗೆ ಕೇಳಿದೆ, 30ಯೇ ಕೊಡಿ ಅಣ್ಣಾ ಅಂದ್ಳು. ಬೇರೊಂದು ಕಡೆ ಇದಕ್ಕೇ 100 ತೆಕೊಂಡದ್ದು ಉಂಟು, ರಶೀದಿ ಕೇಳಿದ್ರೆ ಪ್ರಿಂಟರ್ ಹಾಳಾಗಿತ್ತು. ಇಲ್ಲಿ ಕೇಳದೇ ಇದ್ರೂ ಕೊಡ್ತಾರೆ.

ಇವನನ್ನು ನೋಡ್ಕೊಂಡು ಮನೆಯಲ್ಲೇ ಇರುವ ಚಿಕ್ಕಮ್ಮನ ಹಾಗಿನವ್ರಿಗೂ ಆಶ್ವಾಸಕಿರಣಂ ಅಂತ ತಿಂಗಳಿಗೆ 600ರ ಒಂದು ಯೋಜನೆ ಉಂಟು ಅಂತ ಹೇಳಿದ್ದೂ ಅವಳೇ. ಅರ್ಜಿ ಹಾಕಿದ್ದೇವೆ, ಇನ್ನೂ ಏನೂ ಸುದ್ದಿ ಇಲ್ಲ, ಬಂದ್ರೆ ಇದರ ಕೆಳಗೇ ಬರಿತೇನೆ.

ಬೆರಳಿನ ವಿಷ್ಯ ಬಂತಲ್ಲ, ಅದನ್ನು ಸ್ವಲ್ಪ ಹೇಳ್ಬೇಕು. ನಮ್ಮ ಊರಲ್ಲಿ ಬೆರಳು ಅಂದ್ರೆ ಬೀಡಿ ಕಟ್ಟಿದ ಬೆರಳು, ಅಡಿಕೆ ಸುಲಿದ ಬೆರಳು, ಗೇರುಬೀಜದ ಎಣ್ಣೆ ತಾಗಿ ಸಿಪ್ಪೆ ಎದ್ದ ಬೆರಳು. ಗೆರೆ ಎಲ್ಲಿ ಉಳಿತದೆ. ಅದರ ಮೇಲೆ ಮಸ್ಟರಿಂಗ್ ಇಡುದು ಸರಿಯಾಗಿ ಆಟಿ ತಿಂಗಳ ಮಳೆಗೆ, ಇದ್ದ ಗೆರೆಯೂ ಮುದುಡಿ ಹೋಗಿರ್ತದೆ. ನಾನು ಕರ್ಕೊಂಡು ಹೋದ ಒಬ್ರು ಬೀಡಿ ಅಜ್ಜಿಗೆ ಹತ್ತು ಬೆರಳೂ ಫೇಲ್. ಅವ್ರದ್ದು ಕ್ಷೇಮ ಪೆನ್ಷನ್ ಅಲ್ಲ, ಪಿಎಫ್ ಪೆನ್ಷನ್, ಹತ್ತು ವರ್ಷ ಪಿಎಫ್ ಕಟ್ಟಿ 58 ಆದವ್ರಿಗೆ ಬರುವಂಥದ್ದು, ಕಮ್ಮಿ ಅಂದ್ರೆ 1000 ಕೊಡ್ಬೇಕು ಅಂತ 2014ರಲ್ಲಿ ಮಾಡಿದ್ದು, ಆ ಸಾವಿರ ಇನ್ನೂ ಸಾವಿರವೇ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಒತ್ತುದು, ಮೆಷಿನ್ ಕೆಂಪು ಲೈಟ್ ಹಾಕುದು. ಕೊನೆಗೆ ಅಜ್ಜಿ ಹೇಳಿದ್ದು, ನನ್ನ ಬೆರಳು ಬೀಡಿ ಕಂಪೆನಿಯವ್ರ ಹತ್ರ ಉಂಟು ಮಗಳೇ, ಅಲ್ಲಿ ಕೇಳು ಅಂತ. ಅಜ್ಜಿಯದ್ದು ಕಣ್ಣಿನ ಮೆಷಿನಲ್ಲಿ ಆಯ್ತು. ಕ್ಷೇಮ ಪೆನ್ಷನಿಗಾದ್ರೆ ಬೆರಳು ಕಣ್ಣು ಎರಡೂ ಫೇಲಾದ್ರೂ ಹೆದರ್ಬೇಡಿ, ಪಂಚಾಯತಲ್ಲಿ ಜೀವಂತ ಇದ್ದೀರಿ ಅಂತ ಸರ್ಟಿಫಿಕೇಟ್ ಕೊಟ್ರೂ ನಡಿತದೆ. ಇದನ್ನು ಹೇಳದೆ ನಾಳೆ ಬನ್ನಿ ನಾಳೆ ಬನ್ನಿ ಅಂತ ತಿರುಗಿಸುವ ಸೆಂಟರ್ ಉಂಟು, ಬಾಡಿಗೆ ನನಗೆ ಸಿಗ್ತದೆ, ಆದ್ರೂ ಹೊಟ್ಟೆ ಉರಿತದೆ. ಪಿಎಫಿನವ್ರ ಲೈಫ್ ಸರ್ಟಿಫಿಕೇಟಿಗೆ ನವೆಂಬರೇ ಆಗ್ಬೇಕು ಅಂತಲೂ ಇಲ್ಲ, ಯಾವಾಗ ಕೊಟ್ರೂ ಅಲ್ಲಿಂದ ಒಂದು ವರ್ಷ.

ಸೆಂಟರಿನ ತೊಂದರೆಗಳೂ ಉಂಟು, ಎಲ್ಲ ಹೊಗಳುದಲ್ಲ. ಸರ್ವರ್ ಡೌನ್ ಆದ್ರೆ ಬೋರ್ಡ್ ಹಾಕುದಿಲ್ಲ, ಮೇಲೆ ಹತ್ತಿದ ಮೇಲೆಯೇ ಗೊತ್ತಾಗುದು. ಕೆಳಗೆ ಮೊಬೈಲ್ ಅಂಗಡಿಯ ಹುಡುಗನ ಹತ್ರ ಒಂದು ಚೀಟಿ ಕೊಟ್ಟಿಟ್ರೆ ಎಷ್ಟು ಜನರ ಕಾಲು ಉಳಿತಿತ್ತು. ಓನರ್ ಜನ ಒಳ್ಳೆಯವ ಆದ್ರೆ ಫೋನಲ್ಲಿ ಮಾತಾಡ್ತಾ ಕೆಲಸ ಮಾಡುದು, ಒಂದು ಸಲ ಒಬ್ರ ವೃದ್ಧಾಪ್ಯ ಪೆನ್ಷನಿನ ಅರ್ಜಿಯಲ್ಲಿ ಹುಟ್ಟಿದ ವರ್ಷ ಹಿಂದೆ ಮುಂದೆ ಮಾಡಿ ಅವ್ರನ್ನು ಹದಿನೆಂಟರ ಹುಡುಗ ಮಾಡಿದ್ದ. ಓಟಿಪಿ ಬೇಕಾದ್ರೆ ಆಧಾರಿಗೆ ಕೊಟ್ಟ ನಂಬರಿನ ಫೋನ್ ಕೈಯಲ್ಲೇ ಇರ್ಬೇಕು, ಮಗ ದುಬೈಯಲ್ಲಿ ಇದ್ದು ನಂಬರ್ ಅವನದ್ದಾದ್ರೆ ಅವ ಅಲ್ಲಿ ಎದ್ದಿರ್ಬೇಕು. ಬೆಂಚು ಎರಡೇ, ಫ್ಯಾನು ಒಂದೇ, ಅದೂ ಓನರಿನ ತಲೆಯ ಮೇಲೆ. ಟಾಯ್ಲೆಟ್ ಕೇಳ್ಬೇಡಿ.

ಹೋಗುದಾದ್ರೆ ವಾರದ ಮಧ್ಯ, ಬೆಳಿಗ್ಗೆ ಹತ್ತರ ಒಳಗೆ. ಮಸ್ಟರಿಂಗ್ ಶುರುವಾದ ಮೊದಲ ವಾರ ಮತ್ತೆ ಮುಗಿಯುವ ಕೊನೆಯ ವಾರ ಆ ಕಡೆ ಹೋಗ್ಲೇಬೇಡಿ. ಮಸ್ಟರಿಂಗ್ ಬಿಟ್ಟುಹೋದ್ರೆ ಪೆನ್ಷನ್ ನಿಲ್ತದೆ, ಮತ್ತೆ ಮಾಡಿಸಿದ್ರೆ ಶುರುವಾಗ್ತದೆ, ಹಾಗಾಗಿ ಮೊದಲ ದಿನವೇ ಓಡಿ ಬಿದ್ದು ಸೊಂಟ ಮುರ್ಕೊಳ್ಳುವ ಅಗತ್ಯ ಇಲ್ಲ. ಪೆನ್ಷನ್ ಯಾವಾಗ ಬರ್ತದೆ ಅಂತ ಆ ಹುಡುಗಿಯಲ್ಲಿ ಜೋರು ಮಾಡಿ ಕೇಳ್ಬೇಡಿ, ದುಡ್ಡು ಅವಳ ಕೈಯಲ್ಲಿಲ್ಲ. 2023ರ ಕೊನೆಯಿಂದ 2024ರವರೆಗೆ ತಿಂಗಳುಗಟ್ಟಲೆ ಬಾಕಿ ಆಗಿತ್ತಲ್ಲ, ಇಡುಕ್ಕಿಯ ಅಡಿಮಾಲಿಯಲ್ಲಿ ಇಬ್ರು ಅಜ್ಜಿಯಂದಿರು ಪಾತ್ರೆ ಹಿಡ್ಕೊಂಡು ರಸ್ತೆಗೆ ಇಳಿದದ್ದು ಟೀವಿಯಲ್ಲೆಲ್ಲ ಬಂತು, ಆ ಟೈಮಲ್ಲಿ ನಮ್ಮ ಕಡೆಯವ್ರು ಬಂದು ಬೈದದ್ದು ಇವಳಿಗೆ. ಒಂದು ದಿನ ಕೆಳಗಿನ ಅಂಗಡಿ ಹಿಂದೆ ನಿಂತು ಅಳ್ತಾ ಇದ್ಳು.

ಅತ್ತೆಯ ಮೊದಲ 2000 ಡಿಸೆಂಬರಲ್ಲಿ ಬಂತು. ಫೋನಿಗೆ ಮೆಸೇಜ್ ಬಂದದ್ದು ನನಗೆ ಓದ್ಲಿಕ್ಕೆ ಕೊಟ್ರು, ಓದಿದೆ, ಮತ್ತೊಮ್ಮೆ ಓದು ಅಂದ್ರು. ಬಳೆ ತೆಕೊಳ್ಳುವಾ ಅಂತ ಅವತ್ತು ಹೊರಟದ್ದು ಆಗಿರ್ಲಿಲ್ಲ ಅಲ್ವಾ, ಅದು ಈ ಸಲ ಆಯ್ತು, ಹಸಿರು ಗಾಜಿಂದು ಎರಡು ಡಜನ್. ಒಂದು ಡಜನ್ ಮೇಲೆ ಹೋಗಿ ಆ ಹುಡುಗಿಗೆ ಕೊಟ್ಟು ಬಂದ್ರು, ಹದಿನೆಂಟು ಮೆಟ್ಲು, ನನ್ನ ಕೈ ಹಿಡಿಲಿಲ್ಲ.

ಅಮ್ಮನಿಗೆ ಹೋದ ತಿಂಗಳು 60 ತುಂಬಿತು. ಇನ್ನು ಮುಂದೆ ಮರುಮದುವೆ ಸರ್ಟಿಫಿಕೇಟ್ ಬೇಡ ಅಮ್ಮಾ, ಮಸ್ಟರಿಂಗ್ ಮಾತ್ರ ಸಾಕು ಅಂತ ಆ ಹುಡುಗಿ ಹೇಳಿದ್ಳು. ಅಮ್ಮ ಇಳಿಯುವಾಗ ಮೆಟ್ಲಲ್ಲಿ ನಿಂತು, ಹಾಗಾದ್ರೆ ಇನ್ನು ಆದ್ರೆ ಇವ್ರಿಗೆ ಗೊತ್ತಾಗ್ಲಿಕ್ಕಿಲ್ಲ ಅಲ್ವಾ ಅಂತ ಕೇಳಿದ್ರು. ಕೆಳಗಿಂದ ಮೊಬೈಲ್ ಅಂಗಡಿಯ ಹುಡುಗ ನಗಾಡಿದ.